ಮಲೆಸೀಮೆಯ ಕಿವುಡರೂ ಅಕ್ಷರವಿದ್ಯೆಯ ಸಾಧನಗಳೂ

ಸಕಲೇಶಪುರ, ಆಲೂರುಗಳ ಮಲೆಸೀಮೆಯಲ್ಲಿ ಮನೆಗೂ ಮನೆಗೂ ನಡುವೆ ತೋಟವೋ ಗದ್ದೆಯೋ ಇರುವುದು. ಇಂತಹ ಒಂಟಿಮನೆಯಲ್ಲಿ ಹುಟ್ಟುಕಿವುಡಾದ ಮಗುವಿಗೆ ತನ್ನಂಥ ಮತ್ತೊಂದು ಮಗುವಿನ ಒಡನಾಟ ವಿರಳ. ಸಂಜ್ಞಾಭಾಷೆಯಾದರೋ ಒಡನಾಟದಿಂದಲೇ ಬೆಳೆಯತಕ್ಕದ್ದು. ಮನೆಯವರ ಕೈಸನ್ನೆ ಊಟಕ್ಕೂ ಕೆಲಸಕ್ಕೂ ಸಾಲಬಹುದು. ಗಣಿತಕ್ಕೂ ಚರಿತ್ರೆಗೂ ಸಾಲದು.

ಮೈಸೂರಿನಲ್ಲಿ ಕಿವುಡರ ಹಾಗೂ ಕುರುಡರ ಶಾಲೆ 1901ರಲ್ಲಿಯೇ ಆರಂಭವಾಯಿತು. ಆದರೆ 1880ರ ಮಿಲಾನ್ ಸಮ್ಮೇಳನವು ಸಂಜ್ಞೆಯನ್ನು ಬದಿಗಿಟ್ಟು ಬಾಯ್ಮಾತನ್ನೇ ಕಲಿಸಬೇಕೆಂದು ನಿರ್ಣಯಿಸಿತ್ತು. ಭಾರತದ ಶಾಲೆಗಳಲ್ಲಿಯೂ ಬಹುಮಟ್ಟಿಗೆ ಆ ಪದ್ಧತಿಯೇ ನೆಲೆಯೂರಿತು. ಸಂಜ್ಞೆಯೂ ಭಾಷೆಯೇ ಎಂಬ ವಿಚಾರ ನಮ್ಮಲ್ಲಿ ತಡವಾಗಿ ಬಂದಿತು. ವಸಿಷ್ಠ, ವುಡ್‌ವರ್ಡ್ ಮೊದಲಾದವರು 1970ರ ದಶಕದಲ್ಲಿ ದೆಹಲಿ, ಮುಂಬಯಿ, ಕಲ್ಕತ್ತಗಳ ಸಂಜ್ಞೆಗಳೊಡನೆ ಬೆಂಗಳೂರಿನವನ್ನೂ ಹೋಲಿಸಿ, ಅವು ಪರಸ್ಪರ ಸಂಬಂಧವುಳ್ಳವೆಂದು ತೋರಿಸಿದರು.

2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನ ಹಾಗೂ ತರಬೇತಿ ಕೇಂದ್ರ ಏರ್ಪಟ್ಟಿತು. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ತೊಡಗಿ 2021ರಲ್ಲಿ 10,000ವನ್ನು ಮುಟ್ಟಿತು. 2022ರ ‘ಸೈನ್ ಲರ್ನ್’ ಆ್ಯಪ್ ಅದನ್ನು ಮೊಬೈಲಿಗೆ ತಂದಿತು. ದೊಡ್ಡ ಕೆಲಸವೇ ಸರಿ. ಆದರೂ ಬಿಡುಗಡೆಯ ಕಾಲಕ್ಕೆ ಅದರಲ್ಲಿ ಪದ ಹುಡುಕುವ ಹಾದಿ ಹಿಂದಿ, ಇಂಗ್ಲಿಷುಗಳೆರಡೇ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಆಲೂರಿನ ಹುಡುಗಿಯೊಬ್ಬಳು ‘ಗದ್ದೆ’ ಎಂದು ಬರೆದು ಅದರ ಸಂಜ್ಞೆಯನ್ನು ಪಡೆಯುವಂತಿರಲಿಲ್ಲ. ಇದಕ್ಕಿಂತ ಮೂಲದ ತೊಡಕೊಂದಿದೆ: ಪದದಿಂದ ಸಂಜ್ಞೆಗೆ ಕರೆದೊಯ್ಯುವ ನಿಘಂಟು, ಬಳಸುವವರಿಗೆ ಓದು ಮೊದಲೇ ಬಂದಿದೆಯೆಂದು ಎಣಿಸುತ್ತದೆ. ಹುಟ್ಟುಕಿವುಡಾದ ಮಗುವಾದರೋ ಸಂಜ್ಞೆಯ ಮೂಲಕವೇ ಓದಿಗೆ ಬರಬೇಕಾದದ್ದು. ಆದುದರಿಂದ ಕೈಯ ಆಕಾರದಿಂದಲೋ ಚಿತ್ರದಿಂದಲೋ ಹುಡುಕುವಂತಿರಬೇಕು. ವಿಡಿಯೋಗಳು ಫೋನಿನಲ್ಲಿಯೇ ಉಳಿಯುವಂತಿರಬೇಕು. ಮುಂಗಾರಿನಲ್ಲಿ ಘಟ್ಟದಂಚಿನ ಸಿಗ್ನಲನ್ನು ಬಲ್ಲವರಿಗೆ ಈ ಎರಡನೆಯದನ್ನು ವಿವರಿಸಬೇಕಾಗಿಲ್ಲ.