ಶನಿವಾರ ಘಟ್ಟ, ಭಾನುವಾರ ಕಡಲು

ಕಳೆದ ನವೆಂಬರ್‌ಗೆ ನಮ್ಮ ಮದುವೆಯಾಗಿ ನಾಲ್ಕು ವರ್ಷ. ಶುಕ್ರವಾರ ರಾತ್ರಿ ಹೊರಟು, ಸೋಮವಾರ ಬೆಳಗ್ಗೆ ಮೀಟಿಂಗಿಗೆ ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಮನೆ ಸೇರುವಂಥ ಒಂದು ಟ್ರಿಪ್ ಬೇಕಿತ್ತು. ಅವಳಿಗೆ ಕಡಲು ಬೇಕು, ನನಗೆ ಗುಡ್ಡ ಬೇಕು. ಇಬ್ಬರಿಗೂ ಸೇರಿ ಎಂಟು ಸಾವಿರ ದಾಟಬಾರದು, ಯಾಕಂದ್ರೆ ಅದೇ ತಿಂಗಳು ಫ್ರಿಜ್ ಕೆಟ್ಟಿತ್ತು. ಮೂರು ರಾತ್ರಿ ಮೊಬೈಲ್ ಉಜ್ಜಿದ್ದಾಯ್ತು. ಕಡಲು ಕಾಣುವ ಕಿಟಕಿ ಇದ್ದ ರೂಮುಗಳೆಲ್ಲ ಒಂದೇ ರಾತ್ರಿಗೆ ನಮ್ಮ ಪೂರ್ತಿ ಬಜೆಟ್ ನುಂಗುತ್ತಿದ್ದವು. ಗುಡ್ಡದ ರೂಮುಗಳ ಕಥೆಯೂ ಅಷ್ಟೇ, ಅಲ್ಲಿ ಕ್ಯಾಂಪ್‌ಫೈರಿಗೆ ಬೇರೆ ಚಾರ್ಜು.

"ಹಾಗಾದ್ರೆ ತಾಳಗುಪ್ಪ ರೈಲು ಹತ್ತೋಣ. ಬೆಳಗ್ಗೆ ಜೋಗ, ಆಮೇಲೆ ಗೇರುಸೊಪ್ಪೆ ಘಾಟಿ ಇಳಿದ್ರೆ ಹೊನ್ನಾವರ" ಅಂದೆ.

"ಅದು ನಿಮ್ಮೂರಿಗೆ ಹೋಗೋ ದಾರಿ. ಅದನ್ನೇ ಟ್ರಿಪ್ ಅಂತ ನನಗೆ ಮಾರ್ತಿದೀಯಾ?"

ಅವಳ ಮಾತು ಸುಳ್ಳಲ್ಲ. ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಹೊನ್ನಾವರದ ಬಸ್ಸು ಅಂದರೆ ನನಗೆ ನೆನಪಾಗುವುದು ಘಾಟಿಯ ತಿರುವುಗಳಲ್ಲಿ ವಾಂತಿ, ಕಿಟಕಿ ಪಕ್ಕದ ಸೀಟಿಗೆ ಜಗಳ, ಅಪ್ಪ ಕೊಡಿಸುತ್ತಿದ್ದ ನಿಂಬೆಹುಳಿ ಪೆಪ್ಪರ್ಮೆಂಟು. ಹಾಗಾಗಿ ಆ ದಾರಿಯನ್ನು ಮಾರಲು ನನಗೊಬ್ಬ ಸಾಕ್ಷಿ ಬೇಕಿತ್ತು. ಸಿಕ್ಕವನು ನಾಲ್ಕು ನೂರು ವರ್ಷ ಹಿಂದಿನ ಒಬ್ಬ ಇಟಲಿಯವನು.

ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲೆ. ರೋಮಿನ ಶ್ರೀಮಂತ ಮನೆತನದವನು, ಹುಟ್ಟಿದ್ದು 1586ರಲ್ಲಿ. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿ ತುರ್ಕಿ, ಈಜಿಪ್ಟ್, ಜೆರುಸಲೇಮ್ ಸುತ್ತಿ ಬಾಗ್ದಾದಿಗೆ ಬಂದ. ಅಲ್ಲಿ 1616ರಲ್ಲಿ ಮಾನಿ ಎಂಬ ಕ್ರೈಸ್ತ ಹುಡುಗಿಯನ್ನು ಮದುವೆಯಾದ. ಇಬ್ಬರೂ ಜೊತೆಯಾಗಿ ಪರ್ಷಿಯಾ ಸುತ್ತಿದರು. ಭಾರತಕ್ಕೆ ಹಡಗು ಹಿಡಿಯಲು ದಕ್ಷಿಣದ ಕರಾವಳಿಗೆ ಇಳಿದಿದ್ದಾಗ, 1621ರ ಕೊನೆಯಲ್ಲಿ, ಬಸುರಿಯಾಗಿದ್ದ ಮಾನಿ ಜ್ವರ ಬಂದು ತೀರಿಕೊಂಡಳು. ಪಿಯೆತ್ರೊ ಅವಳನ್ನು ಅಲ್ಲಿ ಹೂಳಲಿಲ್ಲ. ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಹಡಗಿನವರಿಗೂ ಸುಂಕದವರಿಗೂ ಗೊತ್ತಾಗದ ಹಾಗೆ ಸಾಮಾನಿನೊಳಗೆ ಮುಚ್ಚಿ ಭಾರತಕ್ಕೆ ತಂದ. ಕೊನೆಗೆ ರೋಮಿಗೆ ಒಯ್ದು ತನ್ನ ಮನೆತನದ ಸಮಾಧಿಯಲ್ಲಿ ಇಟ್ಟ.

ಇಷ್ಟು ಹೇಳುವಷ್ಟರಲ್ಲಿ ನನ್ನ ಹೆಂಡತಿ ಮೊಬೈಲ್ ಕೆಳಗಿಟ್ಟಿದ್ದಳು. "ಅವನು ಹೊನ್ನಾವರಕ್ಕೆ ಯಾಕೆ ಬಂದ?" ಅಂದಳು. ರೈಲಿನ ಟಿಕೆಟ್ ಬುಕ್ ಆಯ್ತು.

ಅವನು ಬಂದದ್ದು ಗೋವಾದ ಪೋರ್ಚುಗೀಸರ ರಾಯಭಾರಿಯ ಜೊತೆಗೆ. 1623ರ ಅಕ್ಟೋಬರ್‌ನಲ್ಲಿ ಗೋವಾ ಬಿಟ್ಟರು, ಹೋಗಬೇಕಾದ್ದು ಇಕ್ಕೇರಿಗೆ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ಪಿಯೆತ್ರೊಗೆ ಅಲ್ಲಿ ಕೆಲಸ ಏನೂ ಇರಲಿಲ್ಲ, ಸುಮ್ಮನೆ ದೇಶ ನೋಡಲು ಹೊರಟವನು. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಹಿಡಿದು ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಸಾಗರದ ಸೀಮೆ. ಅವನು ಹತ್ತಿದ ಕಾಲುದಾರಿಯೇ ಇವತ್ತಿನ ಹೆದ್ದಾರಿ ಅಂತಲ್ಲ, ಆದರೆ ಅದೇ ಘಟ್ಟ, ಅದೇ ನದಿ. ಅವನು ಹತ್ತಿದ್ದನ್ನು ನಾವು ಇಳಿಯುತ್ತಿದ್ದೆವು. ಅವನ ಪತ್ರಗಳನ್ನು ಕೊನೆಯಿಂದ ಓದಿದ ಹಾಗೆ.

ಶನಿವಾರ ಬೆಳಗ್ಗೆ ತಾಳಗುಪ್ಪದಲ್ಲಿ ಇಳಿದು ಜೋಗ ನೋಡಿದೆವು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಬಂದ ಮೇಲೆ ಜೋಗದ ನೀರು ಆಕಾಶಕ್ಕಿಂತ ಹೆಚ್ಚಾಗಿ ಇಂಜಿನಿಯರುಗಳ ಕೈಯಲ್ಲಿದೆ. ನವೆಂಬರ್‌ನಲ್ಲಿ ಎಳೆ ಸಣ್ಣಗಿತ್ತು. ಆದರೂ 253 ಮೀಟರ್ ಕೆಳಗೆ ಬಗ್ಗಿ ನೋಡಿದರೆ ಒಂದು ವಿಷಯ ತಲೆಗೆ ಹೋಗುತ್ತದೆ: ಇಲ್ಲಿ ಗುಡ್ಡಕ್ಕೂ ಕಡಲಿಗೂ ನಡುವೆ ಬಯಲು ಅಂತ ಹೆಚ್ಚೇನಿಲ್ಲ. ನದಿ ಒಂದೇ ಸಲ ಜಿಗಿದು, ಒಂದು ದಿನದ ದೋಣಿ ದೂರದಲ್ಲಿ ಸಮುದ್ರ ಸೇರುತ್ತದೆ. ನಮಗೆ ಇದು ಎರಡು ದಿನದಲ್ಲಿ ಎರಡೂ ನೋಡುವ ಅನುಕೂಲ. ಆಗಿನವರಿಗೆ ಇದೇ ಬಂಡವಾಳ. ಘಟ್ಟದ ಕಾಡಿನಲ್ಲಿ ಬೆಳೆದ ಕಾಳುಮೆಣಸು ತಲೆಹೊರೆಯಲ್ಲಿ, ಎತ್ತಿನ ಬೆನ್ನಿನ ಮೇಲೆ ಗೇರುಸೊಪ್ಪೆಗೆ ಇಳಿದರೆ ಸಾಕು, ಮುಂದಿನದನ್ನು ನೀರೇ ಒಯ್ಯುತ್ತಿತ್ತು.

ಘಟ್ಟದ ಮೇಲಿನ ಗೋವರ್ಧನಗಿರಿ ಕೋಟೆಯ ಹತ್ತಿರ ಪಿಯೆತ್ರೊ ಒಂದು ಹನುಮಂತನ ಗುಡಿಯ ಜಗುಲಿಯಲ್ಲಿ ಕೂತಿದ್ದ. ಹೊರೆಯವರು ಸಿದ್ಧವಾಗುವ ತನಕ ಕಾಯಬೇಕಿತ್ತು. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಒಬ್ಬ ರಾಗವಾಗಿ ಹೇಳುತ್ತಾ ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿಂದ ಬರೆಯುತ್ತಾನೆ, ಉಳಿದವರು ಅದನ್ನೇ ಹಾಡುತ್ತಾ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ ಹೊಸ ಮರಳು. ಕಾಗದದ ಖರ್ಚಿಲ್ಲ. ಮೇಷ್ಟ್ರು ಇಲ್ಲದಾಗ ತಪ್ಪಿದರೆ ತಿದ್ದುವವರು ಯಾರು ಅಂತ ಪಿಯೆತ್ರೊ ಕೇಳಿದ. ನಾಲ್ವರೂ ಒಟ್ಟಿಗೇ ತಪ್ಪಲು ಸಾಧ್ಯವಿಲ್ಲ, ಅದಕ್ಕೇ ಒಟ್ಟಿಗೆ ಕಲಿಯುತ್ತೇವೆ ಅಂದರಂತೆ. ಅವನಿಗೆ ಇದು ಎಷ್ಟು ಹಿಡಿಸಿತೆಂದರೆ ಇಕ್ಕೇರಿಯಿಂದ ಬರೆದ ಪತ್ರದಲ್ಲಿ ವಿವರವಾಗಿ ಬರೆದ. ನಮ್ಮ ಆಫೀಸಿನಲ್ಲಿ ಇದಕ್ಕೆ ಕೋಡ್ ರಿವ್ಯೂ ಅಂತಾರೆ, ಮತ್ತು ನಾಲ್ವರೂ ಒಟ್ಟಿಗೇ ತಪ್ಪಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ನಮ್ಮ ಕಡೆಯ ಮಕ್ಕಳು ಲೆಕ್ಕ ಕಲಿತ ಚಿತ್ರವೊಂದು ರೋಮಿನವನ ಪುಸ್ತಕದಲ್ಲಿ ಉಳಿದಿದೆ ಅನ್ನುವುದು ನನಗೆ ಇಂಜಿನಿಯರಿಂಗ್ ಮುಗಿಸಿ ಹತ್ತು ವರ್ಷವಾದ ಮೇಲೆ ಗೊತ್ತಾಯಿತು. ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಮಾವಿನಗುಂಡಿಯಲ್ಲಿ ಹೊನ್ನಾವರದ ಬಸ್ ಹತ್ತಿ ಘಾಟಿ ಇಳಿದೆವು. ಈ ಸಲ ವಾಂತಿ ನನ್ನದಲ್ಲ. ಗೇರುಸೊಪ್ಪೆಯಲ್ಲಿ ಇಳಿದು, ಅವಳು ಸುಧಾರಿಸಿಕೊಂಡ ಮೇಲೆ ಒಂದು ಆಟೋ ಮಾಡಿಕೊಂಡು ನಗರಬಸ್ತಿಕೇರಿಗೆ ಹೋದೆವು. ಹೆಸರಲ್ಲಿ ನಗರ ಇದೆ, ಕಣ್ಣಿಗೆ ಕಾಣುವುದು ಕಾಡು. ಆ ಕಾಡಿನ ನಡುವೆ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ಕಡೆಯಿಂದಲೂ ಒಬ್ಬೊಬ್ಬ ತೀರ್ಥಂಕರ ಕಾಣುತ್ತಾನೆ. ಶನಿವಾರ ಮಧ್ಯಾಹ್ನ ನಾವಿಬ್ಬರು, ಆಟೋದವರು, ಒಂದು ನಾಯಿ, ಅಷ್ಟೇ ಜನ.

ಇದು ರಾಣಿ ಚೆನ್ನಭೈರಾದೇವಿಯ ರಾಜಧಾನಿ. ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಅವಳ ಆಳ್ವಿಕೆಯನ್ನು 1552ರಿಂದ 1606ರವರೆಗೆ ಎಣಿಸುತ್ತವೆ, ಅಂದರೆ ಐವತ್ತನಾಲ್ಕು ವರ್ಷ. ಪೋರ್ಚುಗೀಸರು ಅವಳಿಗೆ ಇಟ್ಟ ಹೆಸರು ಮೆಣಸಿನ ರಾಣಿ. ಅವರ ಜೊತೆ ಕಾದಾಡಿದವಳೂ ಅವಳೇ, ಅವರಿಗೆ ಮೆಣಸು ಮಾರಿದವಳೂ ಅವಳೇ. ಹೊನ್ನಾವರದ ಕೋಟೆ 1569ರಲ್ಲಿ ಪೋರ್ಚುಗೀಸರ ಕೈಗೆ ಹೋಯಿತು. ಬಾಗಿಲಲ್ಲೇ ವೈರಿ ಕೂತಿದ್ದರೂ ಮತ್ತೆ ಮೂರೂವರೆ ದಶಕ ರಾಜ್ಯ ನಡೆಸಿದಳು. ಮುಗಿಸಿದ್ದು ಪೋರ್ಚುಗೀಸರಲ್ಲ, ಘಟ್ಟದ ಮೇಲಿನ ನಮ್ಮವರೇ. ಕೆಳದಿಯ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿ ಸೆರೆಹಿಡಿದ. ಅವಳು ಸೆರೆಯಲ್ಲೇ ಸತ್ತಳು.

ಪಿಯೆತ್ರೊ ಇಲ್ಲಿಗೆ ಬಂದಾಗ ಅದಾಗಿ ಹದಿನೇಳು ವರ್ಷ. ಅಷ್ಟರಲ್ಲೇ ಅರಮನೆಯ ಮೇಲೆ ಮರ ಬೆಳೆದಿತ್ತು. ರೈತರ ಕೆಲವು ಗುಡಿಸಲು ಬಿಟ್ಟರೆ ಊರು ಅಂತ ಏನೂ ಉಳಿದಿರಲಿಲ್ಲ. ಅವನಿಗೆ ಹೇಳಲಾದ ಕಥೆ ಹೀಗೆ: ರಾಣಿ ಯಾರೋ ಕೀಳು ಕುಲದ ಪರದೇಶಿಯನ್ನು ಪ್ರೀತಿಸಿ ರಾಜ್ಯವನ್ನೇ ಅವನ ಕೈಗೆ ಕೊಟ್ಟಳು, ಅವನು ತಿರುಗಿಬಿದ್ದು ವೆಂಕಟಪ್ಪನನ್ನು ಕರೆದ, ವೆಂಕಟಪ್ಪ ಬಂದು ರಾಜ್ಯ ತೆಗೆದುಕೊಂಡು ದ್ರೋಹಿಯನ್ನೂ ಕೊಂದ, ಊರನ್ನೂ ಕೆಡವಿಸಿದ.

ಇದನ್ನು ನಾನು ನಂಬುವುದಿಲ್ಲ. ಪಿಯೆತ್ರೊ ಸುಳ್ಳು ಬರೆದ ಅಂತಲ್ಲ, ಕೇಳಿದ್ದನ್ನು ಬರೆದ. ಆದರೆ ಕೇಳಿದ್ದು ಯಾರಿಂದ? ದೋಣಿಯಲ್ಲಿ ಅವನ ಜೊತೆಗಿದ್ದವರು ರಾಣಿಯ ಹಳೇ ಗಿರಾಕಿಗಳಾದ ಪೋರ್ಚುಗೀಸರು ಮತ್ತು ಅವಳ ರಾಜ್ಯ ಗೆದ್ದ ವೆಂಕಟಪ್ಪನ ಕಡೆಯವರು. ಆ ರಾಯಭಾರದ ಮಾತುಕತೆಯಲ್ಲೂ ಕಾಳುಮೆಣಸಿನ ವ್ಯವಹಾರ ಇತ್ತು, ಈಗ ಅದರ ಮಾಲೀಕ ಬೇರೆ. ಕಾಡಿನ ಮೆಣಸನ್ನು ಕಡಲಿಗೆ ಮುಟ್ಟಿಸುವ ನದಿಯೊಂದು ಕೈಗೆ ಸಿಗುತ್ತದೆ ಅಂದರೆ ಅದಕ್ಕಾಗಿ ದಂಡೆತ್ತಿ ಹೋಗಲು ಪ್ರೇಮಕಥೆ ಬೇಕಾಗಿಲ್ಲ. ಐದು ದಶಕ ಲೆಕ್ಕ ತಪ್ಪದೆ ವ್ಯಾಪಾರ ಮಾಡಿದ ಹೆಂಗಸು ಸೋತ ಮೇಲೆ, ಸೋಲಿಗೆ ಕಾರಣ ಪ್ರೀತಿ ಅಂತ ಬರೆದುಬಿಡುವುದು ಗೆದ್ದವರಿಗೆ ಸುಲಭ. ಅದರಲ್ಲೂ, ಗೆದ್ದವರು ನನ್ನ ಸೀಮೆಯವರು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವನ್ನು ಚಿಕ್ಕಂದಿನಿಂದ ಹೆಮ್ಮೆಯಿಂದ ನೋಡಿ ಬೆಳೆದವನು ನಾನು. ಅದೇ ಹೆಮ್ಮೆಯ ಇನ್ನೊಂದು ತುದಿ ಈ ಕಾಡು ಅಂತ ಬಸದಿಯ ಮೆಟ್ಟಿಲ ಮೇಲೆ ಕೂತಾಗಲೇ ಹೊಳೆದದ್ದು.

ನಮ್ಮ ಟ್ರಿಪ್ ಇಷ್ಟು ಅಗ್ಗವಾದದ್ದಕ್ಕೂ ಕಾರಣ ಅದೇ ಇರಬೇಕು. ಹಾಳಾದ ರಾಜಧಾನಿಗೆ ಟಿಕೆಟ್ ಇಲ್ಲ, ಸೀ ವ್ಯೂ ಚಾರ್ಜಿಲ್ಲ.

ಹೊನ್ನಾವರದಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಾದಾ ಲಾಡ್ಜು ಹಿಡಿದೆವು. ಭಾನುವಾರ ಬೆಳಗ್ಗೆ ಶರಾವತಿಯಲ್ಲಿ ದೋಣಿ. ಈ ನದಿಯ ಪಯಣದ ಬಗ್ಗೆ ಪಿಯೆತ್ರೊ ಬರೆದದ್ದನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ: ಜೀವನದಲ್ಲಿ ಮಾಡಿದ ಅತ್ಯಂತ ಸೊಗಸಾದ ಜಲಯಾನಗಳಲ್ಲಿ ಇದೂ ಒಂದು, ಎರಡೂ ದಡದಲ್ಲಿ ಬೋಳು ಬಯಲೂ ಅಲ್ಲ, ಭಾರಿ ಪರ್ವತವೂ ಅಲ್ಲ, ಏರಿಳಿತದ ಹಸಿರು, ತೆಂಗು, ಮಾವು, ಅಡಿಕೆ. ಅಡಿಕೆಗೆ ಅವನು ಬಳಸಿದ್ದು ಫೌಫೆಲ್ ಅನ್ನುವ ಅರಬ್ಬೀ ಹೆಸರು.

"ಬಾಗ್ದಾದಿನ ಹೆಂಡತಿಯಿಂದ ಕಲಿತಿರಬೇಕು" ಅಂದಳು.

ಇರಬಹುದು. ಇಷ್ಟು ದೇಶ ಸುತ್ತಿದವನಿಗೆ, ಮನಸ್ಸು ಹಗುರವಾಗಿರದ ಕಾಲದಲ್ಲಿ, ನಮ್ಮ ಹೊಳೆ ಸೊಗಸಾಗಿ ಕಂಡಿತು. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಂಡ್ಲಾ ಕಾಡಿನ ಮರದ ಹಲಗೆಯ ದಾರಿಯಲ್ಲಿ ನಡೆದೆವು, ಕಾಸರಕೋಡಿನ ಕಡಲತೀರದಲ್ಲಿ ಕಾಲು ನೆನೆಸಿದೆವು, ಬಂಗುಡೆ ಫ್ರೈ ತಿಂದೆವು. ಮೂರನೇ ದಿನ ಇದ್ದವರು ಕುಮಟಾ ದಾಟಿ ಮಿರ್ಜಾನ್ ಕೋಟೆಯನ್ನೂ ನೋಡಬಹುದು. ನಮಗೆ ರಾತ್ರಿಯ ಬಸ್ಸಿತ್ತು.

ಊಟ, ಆಟೋ, ದೋಣಿ, ರೈಲು, ಬಸ್ಸು ಎಲ್ಲ ಸೇರಿ ಇಬ್ಬರಿಗೆ 6,340 ರೂಪಾಯಿ. ಅದರಲ್ಲಿ ಹೊನ್ನಾವರದ ಪೇಟೆಯಲ್ಲಿ ಅವಳು ಚೌಕಾಸಿ ಮಾಡಿ ಕೊಂಡ ಕಾಲು ಕೆಜಿ ಕಾಳುಮೆಣಸೂ ಸೇರಿದೆ. ಬಸ್ಸಿಗೆ ಕಾಯುವಾಗ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಅಯ್ಯೋ, ನಮ್ ತೋಟದ ಬಳ್ಳೀಲೇ ಇತ್ತಲ್ಲೋ" ಅಂದರು ಅಮ್ಮ. "ದುಡ್ ಕೊಟ್ ತಗಂಡ್ಯಾ?"