ಬಾದಾಮಿ ರೈಲು: ಬರಕ್ಕೆಂದು ಬಂತು, ಹತ್ತಿಗೆಂದು ಓಡಿತು

ಮಹಾಕೂಟದ ಪುಷ್ಕರಿಣಿಯಲ್ಲಿ ಮಿಂದು, ಮಹಾಕೂಟೇಶ್ವರನ ದರ್ಶನ ಮುಗಿಸಿದ ಪರಊರಿನ ಯಾತ್ರಿಕರು ರೈಲು ಹಿಡಿಯಬೇಕೆಂದರೆ ಬಾದಾಮಿಗೆ ಬರಬೇಕು. ಬಾದಾಮಿಗೆ ಬಂದರೂ ಸಾಲದು. ನಿಲ್ದಾಣವಿರುವುದು ಊರಿನಿಂದ ಸುಮಾರು 5 ಕಿ.ಮೀ. ದೂರದಲ್ಲಿ. ಹಿಂದೆ ಈ ದಾರಿಗೆ ಟಾಂಗಾಗಳೇ ಗತಿಯಾಗಿದ್ದವು. ಚಾಲುಕ್ಯರ ರಾಜಧಾನಿಯನ್ನು ಹೀಗೆ ಬದಿಗಿಟ್ಟು ಹೋದ ಈ ಹಳಿಯನ್ನು ಯಾತ್ರಿಕರಿಗಾಗಲೀ ಗುಹಾಲಯ ನೋಡುವವರಿಗಾಗಲೀ ಹಾಕಿದ್ದಲ್ಲ. ಹಾಗಾದರೆ ಯಾರಿಗಾಗಿ?

ಉತ್ತರ ಹುಡುಕುತ್ತ ಹೋದರೆ ದಾರಿ ಕಡಲಿಗೆ ಮುಟ್ಟುತ್ತದೆ. ಬಾದಾಮಿಗೂ ಕಡಲಿಗೂ ಏನು ಸಂಬಂಧ ಎಂದು ಕೇಳುವವರು ಮಹಾಕೂಟದ ಸ್ತಂಭಶಾಸನವನ್ನು ನೆನೆಯಬಹುದು. ಅದನ್ನು ಕೆತ್ತಿಸಿದವನು ಚಾಲುಕ್ಯ ಮಂಗಳೇಶ. ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಇದೇ ಮಂಗಳೇಶ ಪಡುವಣ ಕಡಲ ತೀರದ ರೇವತಿದ್ವೀಪವನ್ನು ಗೆದ್ದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಒಳನಾಡಿನ ಅರಸನಿಗೂ ಬಂದರು ಬೇಕಿತ್ತು. ಹದಿಮೂರು ಶತಮಾನಗಳ ನಂತರ ಇಂಗ್ಲಿಷರಿಗೂ ಅದೇ ಬೇಕಾಯಿತು. ಅವರ ಗುರಿ ಮಾತ್ರ ಹತ್ತಿ.

ಧಾರವಾಡ ಸೀಮೆಯ ಎರೆಭೂಮಿಯಲ್ಲಿ 1840ರ ದಶಕದಲ್ಲೇ ಅಮೆರಿಕದ ಹತ್ತಿಬೀಜ ಬಿತ್ತಿಸಲಾಗಿತ್ತು. ಗದಗ, ಹುಬ್ಬಳ್ಳಿಗಳ ಸುತ್ತ ಅದು ಚೆನ್ನಾಗಿ ಬಂತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ನಿಂತುಹೋದಾಗ, ಅಲ್ಲಿನ ಮಾಲೀಕರ ಕಣ್ಣು ನಮ್ಮ ಎರೆಹೊಲಗಳ ಮೇಲೆ ಬಿತ್ತು. ಹತ್ತಿ ಇತ್ತು, ಕಡಲಿಗೆ ಸಾಗಿಸಲು ದಾರಿ ಇರಲಿಲ್ಲ. ಅವರ ಒತ್ತಾಯ ಎಷ್ಟಿತ್ತೆಂದರೆ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವುದೇ ಇದರ ಮುಖ್ಯ ಉದ್ದೇಶ. ಒಂದು ಜಿಲ್ಲೆಯ ಆಡಳಿತವನ್ನೇ ಹತ್ತಿಗಾಗಿ ಬದಲಿಸಿದ್ದು ನಮ್ಮ ಪಠ್ಯಪುಸ್ತಕಗಳಲ್ಲಿ ಯಾಕೋ ಸಿಗುವುದಿಲ್ಲ. ಘಟ್ಟ ಇಳಿದು ಕಾರವಾರ ಮುಟ್ಟುವ ರೈಲಿನ ಮಾತೂ ಆಗಲೇ ಹುಟ್ಟಿತು. ಹಳಿ ಮಾತ್ರ ಬೀಳಲಿಲ್ಲ.

ಅಷ್ಟರಲ್ಲಿ ಬಂದದ್ದು 1876ರ ಬರ.

ಆಗ ಬಾದಾಮಿ, ಬಾಗಲಕೋಟೆ, ಹುನಗುಂದಗಳೆಲ್ಲ ಕಲಾದಗಿ ಜಿಲ್ಲೆಗೆ ಸೇರಿದ್ದವು. ಮುಂಗಾರಿ ಕೈಕೊಟ್ಟಿತು, ಹಿಂಗಾರಿಯೂ ಹೋಯಿತು. ಹಗೇವಿನಲ್ಲಿದ್ದ ಜೋಳ ಮುಗಿಯಿತು. ಹೊರಗೆ ಧಾನ್ಯ ಇರಲಿಲ್ಲವೆಂದಲ್ಲ. ಮುಂಬಯಿಯಿಂದ ಸೊಲ್ಲಾಪುರದ ಮೂಲಕ ರಾಯಚೂರಿಗೆ 1871ರಲ್ಲೇ ರೈಲು ಕೂಡಿಸಿತ್ತು. ಆದರೆ ಸೊಲ್ಲಾಪುರದಲ್ಲಿ ಇಳಿದ ಚೀಲ ಬಾದಾಮಿಗೆ ಬರಬೇಕಾದರೆ ಚಕ್ಕಡಿಯೇ ಆಗಬೇಕು. ನಡುವೆ ಭೀಮಾ, ಕೃಷ್ಣಾ ನದಿಗಳು. ದಾರಿಯುದ್ದಕ್ಕೂ ಮೇವಿಲ್ಲ, ನೀರಿಲ್ಲ. ಎತ್ತು ಸತ್ತ ಮೇಲೆ ಚಕ್ಕಡಿ ಎಳೆಯುವವರಾರು? ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಪುಡಿಗಾಸು ಸಾಕೆಂದು ಲೆಕ್ಕ ಹಾಕಿದವರು ಸರ್ ರಿಚರ್ಡ್ ಟೆಂಪಲ್. ಮುಂಬಯಿ ಪ್ರಾಂತದ ಕೂಲಿಗಳು ಇದನ್ನು ಪ್ರತಿಭಟಿಸಿ ಕೆಲಸ ಬಿಟ್ಟು ಹೋದರು. 1872 ಮತ್ತು 1881ರ ಜನಗಣತಿಗಳ ನಡುವೆ ಈ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು ಕುಸಿಯಿತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಈ ಅಂಕಿ ಬಿಡಿಸಿ ಹೇಳುವುದಿಲ್ಲ.

1880ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗ, ಬರಪೀಡಿತ ಸೀಮೆಗಳನ್ನು ಕಾಪಾಡಲು ರೈಲು ಬೇಕೇ ಬೇಕು ಎಂದಿತು. ಇಂಥವಕ್ಕೆ ‘ರಕ್ಷಣಾ ಮಾರ್ಗ’ ಎಂದೇ ಹೆಸರು. 1882ರಲ್ಲಿ ಲಂಡನ್ನಿನಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ, ಹೊಳೆಆಲೂರು ಮಾರ್ಗವಾಗಿ ಗದಗ ಮುಟ್ಟುವ ಮೀಟರ್‌ಗೇಜ್ ಹಳಿ 1884ರಲ್ಲಿ ಸಿದ್ಧವಾಯಿತು. ಈಸ್ಟ್ ಡೆಕ್ಕನ್ ರೈಲ್ವೆ ಎಂಬುದು ಇದಕ್ಕಿದ್ದ ಮೊದಲ ಹೆಸರುಗಳಲ್ಲೊಂದು. ಭೀಮಾ, ಕೃಷ್ಣಾ, ಮಲಪ್ರಭಾ ಮೂರನ್ನೂ ದಾಟುವ ಈ ಮಾರ್ಗಕ್ಕೆ ಸೇತುವೆಗಳೇ ದೊಡ್ಡ ಕೆಲಸ. ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿಯನ್ನು ರೈಲು ಮುಟ್ಟಲಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಚೇರಿಗಳು ವಿಜಯಪುರಕ್ಕೆ ಹೋದವು. ಜಿಲ್ಲೆಯ ಹೆಸರೂ ಬದಲಾಯಿತು. ಕಲಾದಗಿ ಉಳಿದದ್ದು ದಾಳಿಂಬೆ, ಚಿಕ್ಕುಗಳ ಊರಾಗಿ.

ಮೀಟರ್‌ಗೇಜ್ ಎಂಬ ಈ ಒಂದು ತೀರ್ಮಾನದಲ್ಲೇ ಕಡಲಿನ ಕಥೆ ಅಡಗಿದೆ. ಮುಂಬಯಿ ಮಾರ್ಗದ್ದು ಐದೂವರೆ ಅಡಿ ಅಗಲದ ಬ್ರಾಡ್‌ಗೇಜ್. ಹೀಗಾಗಿ ಬಾದಾಮಿಯಿಂದ ಮುಂಬಯಿಗೆ ಹೊರಟ ಹತ್ತಿಯ ಅಂಡಿಗೆಯನ್ನು ಹೊಟಗಿಯಲ್ಲಿ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಹಮಾಲಿ ಖರ್ಚು, ತಡ, ಸೋರಿಕೆ ಎಲ್ಲ ಇದ್ದದ್ದೇ. ಪಶ್ಚಿಮಕ್ಕೆ ತಿರುಗಿದರೆ ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾವರೆಗೆ ಒಂದೇ ಗೇಜು. ಅಲ್ಲಿಂದ ಮುಂದೆ?

ಮುಂದೆ ಕಾರವಾರವೆಂದು ಎಲ್ಲರೂ ಎಣಿಸಿದ್ದರು. ಆದರೆ 1878ರಲ್ಲಿ ಬ್ರಿಟಿಷರು ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡರು. ಗೋವೆಯ ಮುರಗಾಂವ ಬಂದರಿನಿಂದ ಘಟ್ಟ ಹತ್ತಿ ಬ್ರಿಟಿಷ್ ಗಡಿಗೆ ರೈಲು ಬರಲು ಇದರಿಂದ ದಾರಿಯಾಯಿತು. ಆ ಮಾರ್ಗವೂ ಮೀಟರ್‌ಗೇಜೇ. ದೂಧಸಾಗರದ ಜಲಪಾತದ ಎದುರೇ ಹಾಯ್ದು ಕ್ಯಾಸಲ್‌ರಾಕ್ ಸೇರುವ ಈ ಹಳಿ 1888ರಲ್ಲಿ ತೆರೆಯಿತು. ಅಲ್ಲಿಗೆ ಕಾರವಾರದ ರೈಲಿನ ಮಾತು ನಿಂತಿತು. ಯಾವ ಬಂದರಿಗಾಗಿ ಜಿಲ್ಲೆಯೊಂದನ್ನು ಪ್ರಾಂತ ದಾಟಿಸಿದರೋ, ಅದೇ ಬಂದರನ್ನು ಕೈಬಿಡಲಾಯಿತು. ಮುರಗಾಂವವೂ ನಿರೀಕ್ಷಿಸಿದಷ್ಟು ಗಳಿಸಲಿಲ್ಲ. ಮುಂಬಯಿಯ ಸೆಳೆತ ಅಷ್ಟು ದೊಡ್ಡದಿತ್ತು.

ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಬೆಸೆದು ಅದು ಎಂ.ಎಸ್.ಎಂ. ಆದ ನಂತರ ಆಡಳಿತ ಮದ್ರಾಸಿಗೆ ಹೋಯಿತು. ಖಾಲಿ ಬಿದ್ದ ಕಟ್ಟಡಕ್ಕೆ ಕರ್ನಾಟಕ ಕಾಲೇಜು ಬಂದು ಸೇರಿತು. ಹತ್ತಿಯ ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ಕನ್ನಡದ ಎಷ್ಟೋ ಲೇಖಕರು ಪಾಠ ಕೇಳಿದರು.

ಬರದ ರೈಲು ಬರವನ್ನು ತಡೆಯಿತೇ? 1896-97ರಲ್ಲಿ ಮತ್ತು 1899-1900ರಲ್ಲಿ ಮಳೆ ಮತ್ತೆ ಕೈಕೊಟ್ಟಿತು. ವಿಜಯಪುರ ಜಿಲ್ಲೆ ಆಗಲೂ ನರಳಿತು, 1901ರ ಗಣತಿಯಲ್ಲಿ ಜನಸಂಖ್ಯೆ ಮತ್ತೆ ಇಳಿದಿತ್ತು. ಆದರೆ 1876ರಷ್ಟು ಭೀಕರವಾಗಿ ಅಲ್ಲ. ಈ ಸಲ ಧಾನ್ಯ ಬಾದಾಮಿ, ಬಾಗಲಕೋಟೆ ನಿಲ್ದಾಣಗಳವರೆಗೆ ಬರಬಲ್ಲದಾಗಿತ್ತು. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಿಲ್ದಾಣಕ್ಕೆ ಬಂದ ಜೋಳವನ್ನು ಕೊಳ್ಳಲು ಕೈಯಲ್ಲಿ ದುಡ್ಡು ಬೇಕಲ್ಲ! ಸರಕಾರ ರೈಲಿಗೆ ಸುರಿದಷ್ಟು ಹಣವನ್ನು ನೀರಾವರಿಗೆ ಹಾಕಲಿಲ್ಲವೆಂದು ರೊಮೇಶಚಂದ್ರ ದತ್ತರು ಅಂದೇ ದೂರಿದ್ದರು. ಧಾನ್ಯ ತರುವ ಹಳಿ ಸುಗ್ಗಿಯಲ್ಲಿ ಧಾನ್ಯವನ್ನು ಹೊರಗೂ ಒಯ್ಯುತ್ತದೆ. ಬೆಲೆ ಸಿಗುವ ಕಡೆಗೆ ಹತ್ತಿಯೂ ಹೋಗುತ್ತದೆ, ಜೋಳವೂ ಹೋಗುತ್ತದೆ. ಹಗೇವು ತುಂಬಿಡುವ ಹಳೆಯ ರೂಢಿಗೆ ಇದು ಒಳ್ಳೆಯದು ಮಾಡಿರಲಾರದು. ರೈಲು ಜೀವ ಉಳಿಸಿದ್ದೂ ನಿಜ, ರೈತನನ್ನು ದೂರದ ಪೇಟೆಯ ಧಾರಣೆಗೆ ಕಟ್ಟಿಹಾಕಿದ್ದೂ ನಿಜ.

ಮೀಟರ್‌ಗೇಜ್ ನೂರಕ್ಕೂ ಹೆಚ್ಚು ವರ್ಷ ಬಾಳಿತು. 2000ದ ದಶಕದಲ್ಲಿ ಹಂತಹಂತವಾಗಿ ಬ್ರಾಡ್‌ಗೇಜ್ ಆಯಿತು. ಅದರೊಂದಿಗೆ ಹೊಟಗಿಯ ಇಳಿಸು-ಏರಿಸುವ ಕೆಲಸ ಮುಗಿಯಿತು. 284 ಕಿ.ಮೀ. ಉದ್ದದ ಈ ಮಾರ್ಗವನ್ನು ಜೋಡಿ ಹಳಿಯಾಗಿಸುವ ಯೋಜನೆಗೆ ಕಾರಣ ಹತ್ತಿಯೂ ಅಲ್ಲ, ಬರವೂ ಅಲ್ಲ. ಕೂಡಗಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೆ ಬೇಕಾದ ಕಲ್ಲಿದ್ದಲು ಅದರ ಮುಖ್ಯ ಕಾರಣಗಳಲ್ಲೊಂದು.

ಕಾರವಾರಕ್ಕೆ ಕೊನೆಗೂ ರೈಲು ಬಂತು. ಆದರೆ ಬಯಲುಸೀಮೆಯಿಂದ ಅಲ್ಲ, ಕರಾವಳಿಗುಂಟ. 1998ರ ಜನವರಿ 26ರಂದು ಪೂರ್ಣವಾಗಿ ತೆರೆದ ಕೊಂಕಣ ರೈಲ್ವೆ ಮುಂಬಯಿಯನ್ನೂ ಮಂಗಳೂರನ್ನೂ ಕಡಲಂಚಿನಲ್ಲಿ ಕೂಡಿಸಿತು. ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ 1990ರ ದಶಕದ ಕೊನೆಗೆ ಮಂಜೂರಾತಿ ಸಿಕ್ಕರೂ ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಅದು ಸಿಕ್ಕಿಬಿದ್ದಿದೆ. ಕಾಡು ಕಡಿಯಬಾರದೆನ್ನುವವರ ವಾದದಲ್ಲೂ ತಿರುಳಿದೆ. ಬಂದರು ಬೇಕೆನ್ನುವವರ ಹಂಬಲಕ್ಕೆ ನೂರೈವತ್ತು ವರ್ಷಗಳ ವಯಸ್ಸಿದೆ. ಹೀಗಾಗಿ ಬಾದಾಮಿಯಿಂದ ಕಾರವಾರಕ್ಕೆ ರೈಲಿನಲ್ಲೇ ಹೋಗುತ್ತೇನೆನ್ನುವವರು ಇಂದಿಗೂ ಗದಗ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ಹಾಯ್ದು, ಗೋವೆಗೆ ಇಳಿದು, ಮಡಗಾಂವದಿಂದ ಮತ್ತೆ ದಕ್ಷಿಣಕ್ಕೆ ತಿರುಗಬೇಕು.

ಇತ್ತ 2010ರ ಸುಮಾರಿಗೆ ಮಂಜೂರಾದ ಬಾಗಲಕೋಟೆ-ಕುಡಚಿ ಮಾರ್ಗದ ಮೊದಲ ಹಂತ ಖಜ್ಜಿಡೋಣಿಯವರೆಗೆ ಮುಗಿದಿದೆ. ಖಜ್ಜಿಡೋಣಿ ಇರುವುದು ಕಲಾದಗಿಯ ಸಮೀಪದಲ್ಲೇ.