ಬೆರಳ ತುದಿಯ ಒಂದು ಹನಿ

ಹಳೆಯ ವಿದ್ಯಾರ್ಥಿಗಳು ಮಾತಿಗೆ ಸಿಕ್ಕಾಗ ಒಂದು ಕಾಲದಲ್ಲಿ ಪರೀಕ್ಷೆಯ ಅಂಕಗಳ ಸುದ್ದಿ ಹೇಳುತ್ತಿದ್ದರು. ಈಗಲೂ ಅಂಕಗಳನ್ನೇ ಹೇಳುತ್ತಾರೆ. ಆದರೆ ಅವು ಖಾಲಿ ಹೊಟ್ಟೆಯಲ್ಲಿ ಇಷ್ಟು, ಊಟವಾದ ಎರಡು ಗಂಟೆಗೆ ಇಷ್ಟು ಎಂಬ ಸಕ್ಕರೆಯ ಅಂಕಗಳು. ಬಂಧುಗಳ ಮನೆಯ ಮದುವೆ, ಮುಂಜಿಗಳಲ್ಲಿ ಹೋಳಿಗೆ ಬಡಿಸಿದ ಎಲೆಯ ಮುಂದೆಯೂ ಇದೇ ಮಾತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದ ಮೇಲೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರಲ್ಲಿ ಹಲವರ ದೂರು ಒಂದೇ: ಮಾತ್ರೆ ನುಂಗಬಹುದು, ಪಥ್ಯವನ್ನೂ ಮಾಡಬಹುದು, ಬೆರಳು ಚುಚ್ಚಿಕೊಳ್ಳುವುದೊಂದು ಮಾತ್ರ ಬೇಡ. ಹೀಗೆಂದು ಮಾಪಕವನ್ನು ಬೀರುವಿನೊಳಗೆ ಇಟ್ಟು ಮರೆತವರೂ ಇದ್ದಾರೆ. ಆ ಚುಚ್ಚು ಎಲ್ಲಿಂದ ಬಂತು, ಅದರಿಂದ ಮನುಷ್ಯನಿಗೆ ದಕ್ಕಿದ್ದೇನು ಎಂಬುದನ್ನು ತಿಳಿದರೆ ಅದರ ಮೇಲಿನ ಮುನಿಸು ಸ್ವಲ್ಪ ಇಳಿಯಬಹುದೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮಧುಮೇಹವನ್ನು ಬಹುಕಾಲ ಗುರುತಿಸುತ್ತಿದ್ದುದು ಮೂತ್ರದಿಂದ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಆಯುರ್ವೇದದ ಆಚಾರ್ಯರು ಗಮನಿಸಿದ್ದರು. ರೋಗದ ಹೆಸರಿನಲ್ಲಿಯೇ ಜೇನಿದೆ. 1776ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಇಂಗಿಸಿ, ಉಳಿದ ಗಟ್ಟಿ ಪದಾರ್ಥವು ಸಕ್ಕರೆಯೆಂದು ತೋರಿಸಿದನು. ರಕ್ತದ ತಿಳಿಭಾಗವೂ ಸಿಹಿಯಾಗಿರುವುದನ್ನು ಆತನೇ ಕಂಡನು. ಸಿಹಿಯ ಮೂಲ ರಕ್ತದಲ್ಲಿದೆ ಎಂಬ ಸುಳಿವು ಅಂದೇ ದೊರೆಯಿತಾದರೂ ರೋಗಿಯ ಮನೆಯಲ್ಲಿ ರಕ್ತವನ್ನು ಅಳೆಯುವ ದಿನ ಬರಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ವಿಜ್ಞಾನದ ಪ್ರಯೋಗಶಾಲೆಯಲ್ಲಿ ನನ್ನೊಡನೆ ನಿಂತಿದ್ದವರಿಗೆ ಬೆನೆಡಿಕ್ಟ್ ದ್ರಾವಣ ನೆನಪಿರಬೇಕು. ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ಬೆನೆಡಿಕ್ಟ್ 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಈ ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಬೆರೆಸಿ ಕುದಿಸಿದರೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಬಣ್ಣವು ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. 1922ರಲ್ಲಿ ಇನ್ಸುಲಿನ್ ಚಿಕಿತ್ಸೆ ಆರಂಭವಾದ ಮೇಲೂ ದಶಕಗಳ ಕಾಲ ರೋಗಿಗಳು ಮನೆಯಲ್ಲಿ ಪ್ರನಾಳ ಕಾಯಿಸಿಕೊಂಡು ಇದನ್ನೇ ಮಾಡುತ್ತಿದ್ದರು. ಇದರಲ್ಲಿ ನೋವಿಲ್ಲ, ಆದರೆ ಎರಡು ದೊಡ್ಡ ಕೊರತೆಗಳಿದ್ದವು. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಮೂತ್ರಪಿಂಡಗಳು ಅದನ್ನು ಹೊರಕ್ಕೆ ಬಿಡುವುದಿಲ್ಲ. ಆದ್ದರಿಂದ ದ್ರಾವಣ ನೀಲಿಯಾಗಿಯೇ ಉಳಿದರೆ ಸಕ್ಕರೆ 150 ಇದೆಯೋ, ಪ್ರಜ್ಞೆ ತಪ್ಪಿಸುವಷ್ಟು ಕೆಳಗೆ 40ಕ್ಕೆ ಇಳಿದಿದೆಯೋ ತಿಳಿಯುತ್ತಿರಲಿಲ್ಲ. ಎರಡನೆಯದಾಗಿ, ಮೂತ್ರ ಹೇಳುವುದು ಕಳೆದುಹೋದ ಗಂಟೆಗಳ ಕಥೆ. ಇನ್ಸುಲಿನ್ ತೆಗೆದುಕೊಳ್ಳುವವನಿಗೆ ಬೇಕಾದುದು ಈ ಗಳಿಗೆಯ ಸುದ್ದಿ.

ಆ ಸುದ್ದಿಯನ್ನು ತಂದದ್ದು 1960ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಏಮ್ಸ್ ಕಂಪನಿ ಹೊರತಂದ ಡೆಕ್ಸ್‌ಟ್ರೊಸ್ಟಿಕ್ಸ್ ಎಂಬ ಕಾಗದದ ಪಟ್ಟಿ. ಬೆರಳಿನಿಂದ ದೊಡ್ಡದೊಂದು ಹನಿ ರಕ್ತವನ್ನು ಪಟ್ಟಿಯ ಮೇಲೆ ಬಿಟ್ಟು, ಒಂದು ನಿಮಿಷ ಎಣಿಸಿ, ನೀರಿನಿಂದ ತೊಳೆದು, ಮೂಡಿದ ಬಣ್ಣವನ್ನು ನಮೂನೆಯ ಬಣ್ಣಗಳೊಂದಿಗೆ ಹೋಲಿಸಬೇಕಾಗಿತ್ತು. ಬಣ್ಣ ನೋಡುವ ಕಣ್ಣಿನ ತಾರತಮ್ಯವನ್ನು ನಿವಾರಿಸಲು ಅದೇ ಕಂಪನಿಯ ಆ್ಯಂಟನ್ ಕ್ಲೆಮೆನ್ಸ್ ರೂಪಿಸಿದ ಮಾಪಕ 1970ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಅದರ ತೂಕ ಒಂದು ಕಿಲೋಗ್ರಾಂಗೂ ಹೆಚ್ಚು, ಬೆಲೆ ನೂರಾರು ಡಾಲರು. ಮಾರುತ್ತಿದ್ದುದು ವೈದ್ಯರಿಗೆ ಮತ್ತು ಆಸ್ಪತ್ರೆಗಳಿಗೆ ಮಾತ್ರ. ರೋಗಿಯು ತನ್ನ ರಕ್ತವನ್ನು ತಾನೇ ಅಳೆದುಕೊಳ್ಳುವುದು ಯಾರ ಕಲ್ಪನೆಯಲ್ಲೂ ಇದ್ದಂತಿಲ್ಲ.

ಇಲ್ಲಿ ಒಬ್ಬ ರೋಗಿಯ ಹೆಸರನ್ನು ನೆನೆಯಲೇಬೇಕು. ರಿಚರ್ಡ್ ಬರ್ನ್‌ಸ್ಟೀನ್ ಎಂಬ ಅಮೆರಿಕದ ಎಂಜಿನಿಯರಿಗೆ 1946ರಲ್ಲಿ, 12ನೆಯ ವಯಸ್ಸಿನಲ್ಲಿ, ಮಧುಮೇಹ ಬಂದಿತ್ತು. ಯೌವನದಲ್ಲಿಯೇ ದೇಹದ ಅಂಗಗಳು ಒಂದೊಂದಾಗಿ ಸೋಲತೊಡಗಿದ್ದವು. ಈ ಮಾಪಕದ ವಿಷಯ ತಿಳಿದಾಗ ಅದನ್ನು ಕೊಳ್ಳುವ ಹಕ್ಕು ಅವರಿಗಿರಲಿಲ್ಲ. ಆದರೆ ಅವರ ಪತ್ನಿ ವೈದ್ಯೆ. ಆಕೆಯ ಹೆಸರಿನಲ್ಲಿ ತರಿಸಿಕೊಂಡು ದಿನಕ್ಕೆ ಹಲವು ಬಾರಿ ಬೆರಳು ಚುಚ್ಚಿಕೊಂಡು, ಯಾವ ಆಹಾರ ಎಷ್ಟು ಏರಿಸುತ್ತದೆ, ಎಷ್ಟು ಇನ್ಸುಲಿನ್ ಎಷ್ಟು ಇಳಿಸುತ್ತದೆ ಎಂಬ ಲೆಕ್ಕವನ್ನು ಎಂಜಿನಿಯರಿನ ಶಿಸ್ತಿನಿಂದ ಬರೆದಿಟ್ಟರು. ಆರೋಗ್ಯ ಸುಧಾರಿಸಿತು. ಆ ಅನುಭವವನ್ನು ಬರೆದು ಕಳುಹಿಸಿದರೆ ವೈದ್ಯಕೀಯ ಪತ್ರಿಕೆಗಳು ಸ್ವೀಕರಿಸಲಿಲ್ಲ. ವೈದ್ಯನಾದರೆ ಕೇಳಿಯಾರೆಂದು 40 ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿ ವೈದ್ಯರಾದರು. 2025ರಲ್ಲಿ ತೀರಿಕೊಂಡಾಗ ಅವರ ವಯಸ್ಸು 90. ಅವರು ಪ್ರತಿಪಾದಿಸಿದ ಪಥ್ಯದ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ; ಅಳೆಯುವ ಅಧಿಕಾರ ರೋಗಿಗೂ ಇರಬೇಕೆಂಬ ಅವರ ವಾದದ ಬಗ್ಗೆ ಇಂದು ಯಾರಿಗೂ ಇಲ್ಲ.

1978ರಲ್ಲಿ ಲಂಡನ್ನಿನಲ್ಲಿ ಪೀಟರ್ ಸಾಂಕ್‌ಸೆನ್ ಅವರ ತಂಡ, ನಾಟಿಂಗ್‌ಹ್ಯಾಮಿನಲ್ಲಿ ರಾಬರ್ಟ್ ಟ್ಯಾಟರ್‌ಸಾಲ್ ಅವರ ತಂಡ, ಸಾಮಾನ್ಯ ರೋಗಿಗಳು ಮನೆಯಲ್ಲಿಯೇ ಸರಿಯಾಗಿ ಅಳೆದುಕೊಳ್ಳಬಲ್ಲರೆಂದು ತೋರಿಸಿದವು. ಎರಡೂ ವರದಿಗಳು ಪ್ರಕಟವಾದದ್ದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ. ಹಿಂದೆ ವೈದ್ಯರು ರಕ್ತ ಹರಿಸಲು ಬಳಸುತ್ತಿದ್ದ ಚೂಪಾದ ಅಲಗಿನ ಹೆಸರೂ ಲ್ಯಾನ್ಸೆಟ್. ಇಂದು ನಾವು ಬೆರಳಿಗೆ ಚುಚ್ಚಿಕೊಳ್ಳುವ ಸೂಜಿಯ ಹೆಸರೂ ಅದೇ.

ಮೊದಮೊದಲು ಆ ಸೂಜಿಯನ್ನು ಕೈಯಿಂದಲೇ ಚುಚ್ಚಿಕೊಳ್ಳಬೇಕಾಗಿತ್ತು. ತನ್ನನ್ನು ತಾನು ಚುಚ್ಚಿಕೊಳ್ಳುವ ಕೈ ಕೊನೆಯ ಕ್ಷಣದಲ್ಲಿ ಹಿಂಜರಿಯುತ್ತದೆ. ಹಿಂಜರಿದ ಸೂಜಿ ಅಲುಗಾಡಿ ಚರ್ಮವನ್ನು ಹರಿಯುತ್ತದೆ. ಆಗಲೇ ನೋವು ಹೆಚ್ಚು. 1970ರ ದಶಕದ ಕೊನೆಯಿಂದ ಬಳಕೆಗೆ ಬಂದ ಸ್ಪ್ರಿಂಗ್ ಇರುವ ಸಾಧನ ಈ ಹಿಂಜರಿಕೆಯನ್ನೇ ತೆಗೆದುಹಾಕಿತು. ಸೂಜಿ ವೇಗವಾಗಿ, ನೇರವಾಗಿ, ಗೊತ್ತುಪಡಿಸಿದ ಆಳಕ್ಕೆ ಮಾತ್ರ ಹೋಗಿ ಹಿಂದಿರುಗುತ್ತದೆ. 1987ರಲ್ಲಿ ಆಕ್ಸ್‌ಫರ್ಡ್ ಮತ್ತು ಕ್ರ್ಯಾನ್‌ಫೀಲ್ಡಿನ ವಿಜ್ಞಾನಿಗಳ ಸಂಶೋಧನೆಯಿಂದ ಲೇಖನಿಯ ಗಾತ್ರದ ಮಾಪಕ ಬಂತು. ಅದು ಬಣ್ಣದ ಬದಲು ವಿದ್ಯುತ್ ಪ್ರವಾಹದಿಂದ ಸಕ್ಕರೆಯನ್ನು ಅಳೆಯುತ್ತಿತ್ತು. 2000ದ ಹೊತ್ತಿಗೆ ಲೀಟರಿನ ಹತ್ತು ಲಕ್ಷದ ಒಂದು ಭಾಗಕ್ಕೂ ಕಡಿಮೆ, ಅಂದರೆ 0.3 ಮೈಕ್ರೊಲೀಟರ್ ರಕ್ತ ಸಾಕೆನ್ನುವ ಪಟ್ಟಿಗಳು ಬಂದವು. ರಕ್ತ ಕಡಿಮೆ ಬೇಕಾದಂತೆ ಸೂಜಿಯೂ ತೆಳುವಾಯಿತು.

ಇಷ್ಟು ಚುಚ್ಚಿಕೊಂಡು ಲಾಭವೇನು? 1993ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾಗಳ 1,441 ಜನ ಮೊದಲನೆಯ ಬಗೆಯ ಮಧುಮೇಹಿಗಳ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ದಿನಕ್ಕೆ ನಾಲ್ಕು ಬಾರಿಯಾದರೂ ಪರೀಕ್ಷಿಸಿಕೊಂಡು ಇನ್ಸುಲಿನ್ನನ್ನು ಹೊಂದಿಸಿಕೊಂಡವರಲ್ಲಿ ಕಣ್ಣಿನ ಅಕ್ಷಿಪಟಲದ ತೊಂದರೆ ಹೊಸದಾಗಿ ಆರಂಭವಾಗುವ ಅಪಾಯ ಶೇಕಡಾ 76ರಷ್ಟು ಇಳಿದಿತ್ತು. ಬೆರಳಿನ ನೋವು ಕಣ್ಣನ್ನು ಕಾಯ್ದಿತ್ತು. ಆದರೆ ಎಲ್ಲರೂ ಅಷ್ಟು ಚುಚ್ಚಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಇನ್ಸುಲಿನ್ ತೆಗೆದುಕೊಳ್ಳದ ಎರಡನೆಯ ಬಗೆಯ 450 ಮಧುಮೇಹಿಗಳ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಚುಚ್ಚಿಕೊಂಡವರಿಗೂ ಚುಚ್ಚಿಕೊಳ್ಳದವರಿಗೂ ವರ್ಷದ ಕೊನೆಗೆ ಸಕ್ಕರೆಯ ಹತೋಟಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ನಿಮಗೆ ಎಷ್ಟು ಬಾರಿ, ಯಾವ ಹೊತ್ತಿನಲ್ಲಿ ಬೇಕೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ. ಬೇಡದ ಚುಚ್ಚನ್ನು ಬಿಡುವುದೂ ವಿವೇಕವೇ. ಬೇಕಾದುದನ್ನು ಭಯದಿಂದ ಬಿಡುವುದು ಮಾತ್ರ ಅಲ್ಲ.

ಬೇಕಾದ ಚುಚ್ಚನ್ನು ಹಗುರ ಮಾಡಿಕೊಳ್ಳುವ ದಾರಿಗಳಿವೆ. ಬೆರಳಿನ ತುದಿಯಲ್ಲಿ ಸೂಕ್ಷ್ಮ ರಕ್ತನಾಳಗಳು ಹೇರಳವಾಗಿರುವುದರಿಂದ ಹನಿ ಸುಲಭವಾಗಿ ದೊರೆಯುತ್ತದೆ. ಆದರೆ ಸ್ಪರ್ಶದ ನರಗಳೂ ಅಲ್ಲಿಯೇ ದಟ್ಟವಾಗಿವೆ. ಆದ್ದರಿಂದ ಬೆರಳಿನ ನಡುದಿಂಡನ್ನು ಬಿಟ್ಟು ತುದಿಯ ಪಕ್ಕದಲ್ಲಿ ಚುಚ್ಚಬೇಕು. ದಿನದಿನಕ್ಕೆ ಬೆರಳು ಬದಲಿಸಬೇಕು. ಬೆಚ್ಚನೆಯ ನೀರಿನಲ್ಲಿ ಸೋಪಿನಿಂದ ಕೈ ತೊಳೆದು ಚೆನ್ನಾಗಿ ಒರೆಸಿ, ಕೈಯನ್ನು ಕೆಳಕ್ಕೆ ಇಳಿಬಿಟ್ಟರೆ ರಕ್ತ ತಾನಾಗಿ ಬರುತ್ತದೆ. ಬೆರಳನ್ನು ಬಲವಾಗಿ ಹಿಂಡುವ ಅಗತ್ಯವಿಲ್ಲ. ಸಾಧನದ ಆಳವನ್ನು ಕಡಿಮೆ ಅಂಕಿಯಿಂದ ಆರಂಭಿಸಿ, ಹನಿ ಬಾರದಿದ್ದರೆ ಮಾತ್ರ ಏರಿಸಿ. ಹೊಸ ಸೂಜಿ ಹಳೆಯದಕ್ಕಿಂತ ಹರಿತ, ನೋವೂ ಕಡಿಮೆ. ಗಂಡ, ಹೆಂಡತಿ, ಅಣ್ಣ, ತಮ್ಮ ಯಾರೇ ಆಗಿರಲಿ, ಒಬ್ಬರ ಸೂಜಿಯನ್ನೂ ಚುಚ್ಚುವ ಸಾಧನವನ್ನೂ ಇನ್ನೊಬ್ಬರು ಬಳಸಬಾರದು. ರಕ್ತದ ಮೂಲಕ ಹರಡುವ ಕಾಮಾಲೆ ಹೀಗೆಯೇ ಹರಡಿದ ನಿದರ್ಶನಗಳಿವೆ. ಮಾವಿನಹಣ್ಣಿನ ಕಾಲದಲ್ಲಿ ಇನ್ನೊಂದು ಎಚ್ಚರಿಕೆ. ಹಣ್ಣು ಸುಲಿದ ಕೈಯನ್ನು ತೊಳೆಯದೆ ಪರೀಕ್ಷಿಸಿದರೆ ಬೆರಳಿಗಂಟಿದ ಸಕ್ಕರೆಯೇ ಅಂಕಿಯನ್ನು ಏರಿಸುತ್ತದೆಂದು ಜಪಾನಿನ ವೈದ್ಯರು 2011ರಲ್ಲಿ ತೋರಿಸಿದ್ದಾರೆ. ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದ್ದು ಸಾಲದೆ ಹೋಯಿತು. ನಲ್ಲಿಯ ನೀರಿನಲ್ಲಿ ತೊಳೆದಾಗ ಸರಿಯಾದ ಅಂಕಿ ಬಂತು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಸ್ವತಃ ಶಿಕ್ಷಕರು. ಅವರಿಗೊಂದು ಮಾತು. ಮೊದಲನೆಯ ಬಗೆಯ ಮಧುಮೇಹವಿರುವ ಮಗು ನಿಮ್ಮ ತರಗತಿಯಲ್ಲಿದ್ದರೆ, ಪಾಠದ ನಡುವೆಯೂ ಅದು ಬೆರಳು ಚುಚ್ಚಿ ನೋಡಿಕೊಳ್ಳಲು, ಸಕ್ಕರೆ ಇಳಿದಾಗ ಏನಾದರೂ ಸಿಹಿ ತಿನ್ನಲು ಅವಕಾಶ ಕೊಡಿ. ಅದನ್ನು ಎಲ್ಲರೆದುರು ಕರುಣೆಯ ವಸ್ತುವಾಗಿಸಬೇಡಿ. ಸೂಜಿಯ ನೋವು ಒಂದು ಕ್ಷಣದ್ದು. ಬಚ್ಚಿಟ್ಟುಕೊಂಡು ಚುಚ್ಚಿಕೊಳ್ಳಬೇಕಾದ ಸಂಕೋಚ ದಿನವಿಡೀ ಇರುತ್ತದೆ.

ಈಗ ತೋಳಿಗೆ ಅಂಟಿಸಿಕೊಳ್ಳುವ ಸಂವೇದಕಗಳಿವೆ. 2014ರಲ್ಲಿ ಯುರೋಪಿನಲ್ಲಿ ಬಿಡುಗಡೆಯಾದ ಲಿಬ್ರೆ ಎಂಬುದು ಚರ್ಮದಡಿಯ ದ್ರವದಲ್ಲಿನ ಸಕ್ಕರೆಯನ್ನು 14 ದಿನ ಅಳೆಯುತ್ತಿತ್ತು. ಇಂತಹವುಗಳಿಂದ ಅನೇಕರ ಬೆರಳುಗಳಿಗೆ ಬಿಡುವು ಸಿಕ್ಕಿದೆ. ಆದರೂ ಅವು ನಮ್ಮಲ್ಲಿ ಎಲ್ಲರ ಕೈಗೆಟುಕುವಷ್ಟು ಅಗ್ಗವಲ್ಲ; ಅಂಕಿಗೂ ದೇಹದ ಲಕ್ಷಣಕ್ಕೂ ತಾಳೆಯಾಗದಿದ್ದಾಗ ಬೆರಳ ಹನಿಯನ್ನೇ ನೋಡಬೇಕು. ಏನನ್ನೂ ಚುಚ್ಚದೆ ಸಕ್ಕರೆ ಹೇಳುತ್ತೇವೆನ್ನುವ ಗಡಿಯಾರ, ಉಂಗುರಗಳ ಜಾಹೀರಾತಿಗೆ ಮಾತ್ರ ಮರುಳಾಗಬೇಡಿ; ಅವುಗಳನ್ನು ನಂಬಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ.

ಬರ್ನ್‌ಸ್ಟೀನ್ ಅವರಿಗೆ ಆ ಮಾಪಕವನ್ನು ಕೊಳ್ಳಲು ಪತ್ನಿಯ ಹೆಸರು ಬೇಕಾಗಿತ್ತು. ಇಂದು ಅದು ಊರಿನ ಔಷಧದ ಅಂಗಡಿಯಲ್ಲಿ ಯಾರಿಗಾದರೂ ಸಿಗುತ್ತದೆ. ಬೀರುವಿನಲ್ಲಿಟ್ಟವರು ಅದನ್ನು ಹೊರಗೆ ತೆಗೆಯಿರಿ. ಪಟ್ಟಿಗಳ ಅವಧಿ ಮುಗಿದಿದೆಯೇ ನೋಡಿ, ಹೊಸ ಸೂಜಿ ಹಾಕಿ. ಮುಂದಿನ ಬಾರಿ ಮಾತಿಗೆ ಸಿಕ್ಕಾಗ ಅಂಕ ಎಷ್ಟೇ ಬಂದಿರಲಿ, ಸಂಕೋಚವಿಲ್ಲದೆ ಹೇಳಿ. ಈ ಪರೀಕ್ಷೆಯಲ್ಲಿ ನಾನು ಯಾರನ್ನೂ ಅನುತ್ತೀರ್ಣ ಮಾಡುವುದಿಲ್ಲ.